ಪಿಕಪ್‌ನ ಬಾನೆಟ್ ಒಳಗೆ ದೀಪ ಹಾಕಿದ್ದು: ನನ್ನ ಅನುಭವ

ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಬೆಂಗಳೂರಿಗೆ ಓಡಿಸುವುದು ನನ್ನ ಕೆಲಸ. 15 ಕೆಜಿಯ ಬಾಕ್ಸ್‌ಗಳು, ಒಂದು ಲೋಡಿಗೆ ನೂರರ ಹತ್ತಿರ. ಕತ್ತಲಾದ ಮೇಲೆ ಹೊರಟು ಬೆಳಗಿನ ಜಾವ ಮಾರುಕಟ್ಟೆ ಸೇರಬೇಕು. ಹಾಗಾಗಿ ಗಾಡಿ ಕೈಕೊಡುವುದೂ ಕತ್ತಲಲ್ಲೇ.

ಕಳೆದ ಮಳೆಗಾಲದ ಒಂದು ರಾತ್ರಿ, ನರಸಾಪುರ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಆವಿ, ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್‌ನ ಸಿಹಿ ವಾಸನೆ, ಅದರಾಚೆ ಏನೂ ಕಾಣದು. ಜೊತೆಗಿದ್ದ ರೈತರಿಗೆ, "ಅಣ್ಣ, ಈ ಮೊಬೈಲ್ ಸ್ವಲ್ಪ ಹಿಡಿದುಕೊಳ್ಳಿ" ಎಂದೆ. ಅವರು ಹಿಡಿದ ಕಡೆ ನನಗೆ ಬೇಕಾದ್ದು ಇಲ್ಲ, ನನಗೆ ಬೇಕಾದ ಕಡೆ ನನ್ನ ತಲೆಯ ನೆರಳು. ಕೊನೆಗೆ ಮೊಬೈಲನ್ನು ನಾನೇ ಕತ್ತಿನ ಸಂದಿಯಲ್ಲಿ ಸಿಕ್ಕಿಸಿಕೊಂಡೆ. ಅದು ಜಾರಿ ಎಂಜಿನ್ ಕೆಳಗಿನ ತಗಡಿನ ಮೇಲೆ ಬಿತ್ತು. ಆಗಿದ್ದದ್ದು ಇಷ್ಟೆ: ರೇಡಿಯೇಟರಿನ ಮೇಲಿನ ಹೋಸ್‌ನ ಕ್ಲಿಪ್ ಸಡಿಲವಾಗಿತ್ತು. ಎಂಜಿನ್ ತಣ್ಣಗಾದ ಮೇಲೆ ಸ್ಕ್ರೂ ಡ್ರೈವರಿನಿಂದ ನಾಲ್ಕು ಸುತ್ತು ಬಿಗಿಮಾಡಿ, ನೀರು ತುಂಬಿಸಿದರೆ ಮುಗಿಯುವ ಕೆಲಸ. ಅದಕ್ಕೆ ಒಂದೂವರೆ ಗಂಟೆ ಹೋಯಿತು. ಮಾರುಕಟ್ಟೆ ತಲುಪುವ ಹೊತ್ತಿಗೆ ಒಳ್ಳೆಯ ದರಕ್ಕೆ ಕೊಳ್ಳುವವರು ಕೊಂಡು ಹೋಗಿದ್ದರು. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ಆ ವಾರವೇ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್ ತಂದು ಬಾನೆಟ್‌ನ ಒಳಮೈಗೆ ಅಂಟಿಸಿ, ಬ್ಯಾಟರಿಗೆ ನೇರವಾಗಿ ತಂತಿ ಕೊಟ್ಟೆ. ಹಗಲಿನಂತೆ ಬೆಳಗಿತು. ಎರಡು ತಿಂಗಳಲ್ಲಿ ಮೂರು ಮೂರು ದೀಪಗಳ ಗುಂಪುಗಳು ಒಂದೊಂದಾಗಿ ಆರತೊಡಗಿದವು. ಒಂದು ದಿನ ಬಾನೆಟ್ ಎತ್ತಿದರೆ ಅಂಟು ಬಿಟ್ಟ ಸ್ಟ್ರಿಪ್ ಫ್ಯಾನಿನ ಮೇಲೆ, ಗೇಣಿನ ಅಂತರದಲ್ಲಿ ತೂಗಾಡುತ್ತಿತ್ತು. ಬೆಲ್ಟಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ! ದೀಪ ಉರಿಸುವುದು ಸುಲಭ, ಅದನ್ನು ಆ ಬಿಸಿಯಲ್ಲಿ, ಅದುರಾಟದಲ್ಲಿ, ನೀರಿನಲ್ಲಿ ಉಳಿಸುವುದೇ ಕೆಲಸ ಎಂದು ಆಗ ಅರ್ಥವಾಯಿತು. ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿದೆ.

ಮೊದಲು ಬೆಳಕು ಎಲ್ಲಿಂದ ಬೀಳಬೇಕೆಂದು ನೋಡಿದೆ. ಇದಕ್ಕೆ ಒಂದಿಡೀ ಸಂಜೆ ಕೊಟ್ಟೆ, ಕೊಟ್ಟದ್ದು ಸಾರ್ಥಕವಾಯಿತು. ಸ್ಟ್ರಿಪ್ಪನ್ನು ರಟ್ಟಿನ ಪಟ್ಟಿಗೆ ಕಟ್ಟಿ, ಬೇರೆ ಬೇರೆ ಕಡೆ ಟೇಪಿನಲ್ಲಿ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ನಿಜವಾಗಿಯೇ ಬಗ್ಗಿ ನೋಡಿದೆ. ಬಾನೆಟ್‌ನ ಮುಂದಿನ ಅಂಚಿಗೆ ಇಟ್ಟರೆ ಬೆಳಕು ನನ್ನ ಬೆನ್ನ ಹಿಂದಿನಿಂದ ಬರುತ್ತದೆ, ಕೈ ಇಟ್ಟಲ್ಲೆಲ್ಲ ನನ್ನದೇ ನೆರಳು. ಗಾಜಿನ ಕಡೆ, ಹಿಂಜಿನ ಹತ್ತಿರ ಇಟ್ಟರೆ ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಎಡಕ್ಕೊಂದು ಬಲಕ್ಕೊಂದು ಅರ್ಧರ್ಧ ಮೀಟರಿನ ತುಂಡು ಇಟ್ಟಾಗ ಒಂದರ ನೆರಳನ್ನು ಇನ್ನೊಂದು ಅಳಿಸಿತು. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ಕಿನ ಗುರುತೂ ಬೆಲ್ಟಿನ ಬಿರುಕೂ ಸ್ಪಷ್ಟವಾಗಿ ಕಂಡವು. ಬಣ್ಣ ಬಿಳಿಯೇ ಇರಲಿ. ಅಂಗಡಿಯಲ್ಲಿ ನೀಲಿ ದೀಪ ತೋರಿಸಿ ಚೆಂದ ಕಾಣುತ್ತದೆ ಎಂದರು. ಸೋರುತ್ತಿರುವುದು ಹಸಿರು ಕೂಲಂಟೋ, ಕಪ್ಪು ಆಯಿಲ್ಲೋ, ತಿಳಿ ಹಳದಿಯ ಬ್ರೇಕ್ ಆಯಿಲ್ಲೋ ಎಂದು ನೀಲಿ ಬೆಳಕಿನಲ್ಲಿ ಹೇಳಲಾಗದು. ಮಂದಗೊಳಿಸುವ ಡಿಮ್ಮರ್ ಕೂಡ ಬೇಡ. ಅಗ್ಗದ ಡಿಮ್ಮರುಗಳು ದೀಪವನ್ನು ಕಣ್ಣಿಗೆ ತಿಳಿಯದ ವೇಗದಲ್ಲಿ ಆರಿಸಿ ಹೊತ್ತಿಸುತ್ತವೆ. ಆ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣುವ ಅಪಾಯವಿದೆ.

ಇನ್ನು ಆ ಮೂರು ಮೂರು ದೀಪ ಆರಿದ್ದೇಕೆ? ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಒಂದರ ಹಿಂದೊಂದು ಸೇರಿ ಒಂದು ಗುಂಪು. ಒಂದಕ್ಕೆ ಸುಮಾರು 3.2 ವೋಲ್ಟ್, ಮೂರಕ್ಕೆ 9.6. ಮಿಕ್ಕಿದ್ದನ್ನು ಪಕ್ಕದ ಪುಟ್ಟ ರೆಸಿಸ್ಟರ್ ತಡೆದುಕೊಳ್ಳಬೇಕು. 12 ವೋಲ್ಟಿನಲ್ಲಿ ಅದರ ಪಾಲಿಗೆ 2.4 ವೋಲ್ಟ್. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವುದು 14.2ರ ಆಸುಪಾಸು, ಆಗ ಅದೇ ರೆಸಿಸ್ಟರಿಗೆ 4.6. ಹೆಚ್ಚುಕಡಿಮೆ ಎರಡರಷ್ಟು! ಮಲ್ಟಿಮೀಟರ್ ಹಾಕಿ ನೋಡಿದೆ: ಒಂದು ಮೀಟರ್ ಸ್ಟ್ರಿಪ್ 12 ವೋಲ್ಟಿನಲ್ಲಿ 1.2 ಆಂಪಿಯರ್ ಎಳೆಯುತ್ತದೆ, ಎಂಜಿನ್ ಚಾಲೂ ಇದ್ದಾಗ 2 ಆಂಪಿಯರ್. ಮನೆಯ ಷೋಕೇಸಿಗೆಂದು ಮಾಡಿದ ಪಟ್ಟಿಯನ್ನು ಗಾಡಿಗೆ ಹಾಕಿದ್ದೇ ತಪ್ಪು.

ಪರಿಹಾರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಕ್ಕಿತು: 1.5 ಓಮ್, 10 ವಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್. ಪ್ಲಸ್ ತಂತಿಯ ನಡುವೆ ಅದನ್ನು ಬೆಸೆದ ಮೇಲೆ ಎಂಜಿನ್ ಓಡುವಾಗಲೂ 1.3 ಆಂಪಿಯರ್ ದಾಟುವುದಿಲ್ಲ. ಎಂಜಿನ್ ನಿಂತಾಗ ಬೆಳಕು ತುಸು ಕಡಿಮೆ, ಕೆಲಸಕ್ಕೆ ಧಾರಾಳ. ಆ ರೆಸಿಸ್ಟರ್ ಬಿಸಿಯಾಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ಕಿಗೆ, ಬೇರೆ ತಂತಿಗೆ ತಾಗದಂತೆ ಬಾಡಿಯ ತಗಡಿಗೆ ಕ್ಲಾಂಪ್ ಹಾಕಿ ಕೂರಿಸಿದೆ. ಖರ್ಚು ಮಾಡಬಲ್ಲವರು 10ರಿಂದ 30 ವೋಲ್ಟ್ ಎಂದು ಬರೆದಿರುವ, ಒಳಗೇ ಕರೆಂಟನ್ನು ಹಿಡಿತದಲ್ಲಿಡುವ ಡ್ರೈವರ್ ಇರುವ ದೀಪ ಕೊಂಡರೆ ಈ ಲೆಕ್ಕವೇ ಬೇಕಿಲ್ಲ.

ವೈರಿಂಗ್ ದೊಡ್ಡ ಕೆಲಸವಲ್ಲ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುವುದು ಆಗ ತಪ್ಪುತ್ತದೆ. ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್, ಅದರಲ್ಲಿ 3 ಆಂಪಿಯರ್ ಫ್ಯೂಸ್. ಅಂಗಡಿಯವರು 10 ಆಂಪಿಯರಿನದು ಕೊಡಲು ಬಂದರು, ನಾನು ಒಪ್ಪಲಿಲ್ಲ. ಸ್ಟ್ರಿಪ್‌ನ ಬಾಲದ ತಂತಿ ನೂಲಿನಷ್ಟು ಸಣ್ಣದು. ಅದು ಉಜ್ಜಿ ಬಾಡಿಗೆ ತಾಗಿದರೆ ದೊಡ್ಡ ಫ್ಯೂಸ್ ಹೋಗುವ ಮೊದಲೇ ತಂತಿ ಕಾದು ಸುಟ್ಟೀತು, ಅದೂ ಡೀಸೆಲ್ ಪೈಪಿನ ಪಕ್ಕದಲ್ಲಿ. ಉಳಿದ ದಾರಿಗೆ 1 ಚದರ ಮಿಲಿಮೀಟರ್ ತಂತಿ ಎಳೆದು, ಮೇಲೆ ಸುಕ್ಕಿನ ಪ್ಲಾಸ್ಟಿಕ್ ಕೊಳವೆ ಹಾಕಿದೆ. ವಿಪರೀತ ಬಿಸಿಯಾಗುವ ಟರ್ಬೊ ಮತ್ತು ಹೊಗೆ ಹೋಗುವ ಮ್ಯಾನಿಫೋಲ್ಡ್ ಇರುವ ಬದಿಯನ್ನು ಪೂರ್ತಿ ಬಿಟ್ಟು, ಇನ್ನೊಂದು ಬದಿಯಿಂದಲೇ ತಂತಿ ತಂದೆ.

ಸ್ವಿಚ್‌ಗೆ ಬಾಗಿಲಿನ ಗುಂಡಿಯನ್ನೇ ಬಳಸಿದೆ. ಕ್ಯಾಬಿನ್ ಬಾಗಿಲು ತೆಗೆದರೆ ಒಳಗಿನ ದೀಪ ಹೊತ್ತಿಸುವ ಸ್ಪ್ರಿಂಗ್ ಗುಂಡಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಡೋರ್ ಸ್ವಿಚ್ ಎಂದರೂ ಕೊಡುತ್ತಾರೆ. ದೀಪದ ಮೈನಸ್ ತಂತಿಯನ್ನು ಇದಕ್ಕೆ ಕೊಡಬೇಕು. ಬಾನೆಟ್ ಎತ್ತಿದಾಗ ಗುಂಡಿ ಮೇಲೆದ್ದು ತಂತಿಗೆ ಬಾಡಿಯ ಅರ್ಥ್ ಸಿಗುತ್ತದೆ, ಮುಚ್ಚಿದಾಗ ಒತ್ತಿಕೊಂಡು ಕಡಿಯುತ್ತದೆ. ಸ್ಕ್ರೂ ಕೂರುವ ಜಾಗದ ಪೇಂಟ್ ಕೆರೆದು ಹೊಳೆಯುವ ತಗಡು ಕಾಣಿಸಬೇಕು, ಆಮೇಲೆ ಗ್ರೀಸ್ ಸವರಿ ತುಕ್ಕು ತಡೆಯಬೇಕು. ಜೊತೆಗೆ ಒಂದು ಕೈ ಸ್ವಿಚ್ಚನ್ನೂ ಇಟ್ಟಿದ್ದೇನೆ. ಗ್ಯಾರೇಜಿನಲ್ಲಿ ಹಗಲೆಲ್ಲ ಬಾನೆಟ್ ತೆರೆದಿಟ್ಟರೆ ಬ್ಯಾಟರಿ ಸುಮ್ಮನೆ ಇಳಿಯಬಾರದು.

ಈ ಸಲ ಅಂಟನ್ನು ನಂಬಲಿಲ್ಲ. ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿ, ಬಾನೆಟ್‌ನ ಒಳ ಚೌಕಟ್ಟಿನಲ್ಲಿ ಮೊದಲೇ ಇರುವ ತೂತುಗಳ ಮೂಲಕ ಕೇಬಲ್ ಟೈ ಬಿಗಿದೆ. ಡ್ರಿಲ್ ಮುಟ್ಟಲೇ ಇಲ್ಲ. ಬಾನೆಟ್‌ಗೆ ತಂತಿ ಹತ್ತಿಸಲು ಗಾಜಿಗೆ ನೀರು ಚಿಮ್ಮುವ ಸಣ್ಣ ಟ್ಯೂಬ್ ಹೋಗಿದ್ದ ದಾರಿಯನ್ನೇ ಹಿಡಿದೆ, ಹಿಂಜಿನ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು. ಕತ್ತರಿಸಿದ ತುದಿಗಳನ್ನು ಸಿಲಿಕೋನ್‌ನಿಂದ ಮುಚ್ಚುವಾಗ ಒಂದು ಎಚ್ಚರಿಕೆ: ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ.

ನನ್ನದನ್ನು ನೋಡಿ ಲಾರಿಯ ಗೆಳೆಯರೊಬ್ಬರು ತಮಗೂ ಬೇಕೆಂದರು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ನನ್ನ ಸ್ಟ್ರಿಪ್ ಅಲ್ಲಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅವರಿಗೆ 10–30 ವೋಲ್ಟಿನ ದೀಪವನ್ನೇ ಕೊಡಿಸಿದೆ.

ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚಿದಾಗ ದೀಪ ನಿಜವಾಗಿ ಆರುತ್ತದೆಯೇ ಎಂದು ತಿಳಿಯಬೇಕಿತ್ತು. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಬ್ಯಾಟರಿಯ ಪಕ್ಕ ಒರಗಿಸಿ, ಬಾನೆಟ್ ಮೆಲ್ಲಗೆ ಇಳಿಸಿ ಒತ್ತಿದೆ. ಹತ್ತು ಎಣಿಸಿ ತೆಗೆದು ನೋಡಿದರೆ ಮುಚ್ಚಿದ ಮೇಲೂ ಬೆಳಕು ಮಿಣುಕುತ್ತಿತ್ತು! ಗುಂಡಿ ಪೂರ್ತಿ ಒತ್ತುತ್ತಿರಲಿಲ್ಲ. ಬಾನೆಟ್‌ನ ಒಳಗೆ ಗುಂಡಿ ತಾಗುವ ಜಾಗಕ್ಕೆ ಹಳೆಯ ಟ್ಯೂಬಿನ ಎರಡು ಪದರ ರಬ್ಬರ್ ತುಂಡನ್ನು ಸ್ಕ್ರೂ ಹಾಕಿ ಕೂರಿಸಿ, ಮತ್ತೆ ವಿಡಿಯೊ ಮಾಡಿದೆ. ಈ ಬಾರಿ ಬಾನೆಟ್ ಬೀಗ ಬೀಳುವ ಸದ್ದಿಗೆ ಮೊದಲೇ ಪರದೆ ಪೂರ್ತಿ ಕಪ್ಪಾಯಿತು.