ತಜ್ಞ ವೈದ್ಯರನ್ನು ಮೊದಲ ಸಲ ಕಾಣಲು ಹೊರಟಿದ್ದೀರಾ?

ಮಾತ್ರೆಗಳ ಹೆಸರನ್ನು ನೆನಪಿನಿಂದ ಹೇಳಲು ಹೋಗಬೇಡಿ. ‘ಚಿಕ್ಕದು, ಬಿಳಿ ಬಣ್ಣದ್ದು’ ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಕತ್ತರಿಸಿದ ತುಂಡಿನಲ್ಲಿ ಹೆಸರೇ ಇಲ್ಲದಿದ್ದರೆ ಹಳೆಯ ಚೀಟಿಯನ್ನೂ ಒಯ್ಯಿರಿ. ಆಸ್ಪಿರಿನ್, ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳನ್ನು ಮತ್ತು ಗಿಡಮೂಲಿಕೆ ಔಷಧಗಳನ್ನು ಮರೆಯದೆ ತಿಳಿಸಿ. ಸ್ಕ್ಯಾನ್ ಮಾಡಿಸಿದ್ದರೆ ವರದಿಯೊಂದೇ ಸಾಲದು, ಫಿಲ್ಮ್ ಅಥವಾ ಸಿ.ಡಿ. ಕೂಡ ಇರಲಿ.

ಹಿಂದಿನ ದಿನವೇ ಕರೆ ಮಾಡಿ, ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಯಾವುದಾದರೂ ಔಷಧ ನಿಲ್ಲಿಸಬೇಕೇ ಎಂದು ಕೇಳಿ. ಚರ್ಮದ ಅಲರ್ಜಿ ಪರೀಕ್ಷೆಯಾದರೆ ಇನ್ನೂ ಮುಂಚೆಯೇ ಕೇಳಬೇಕು. ಅಲರ್ಜಿ ತಗ್ಗಿಸುವ ಆಂಟಿಹಿಸ್ಟಮಿನ್ ಮಾತ್ರೆಗಳನ್ನು ಕೆಲವು ದಿನ ಮೊದಲೇ ಬಿಡದಿದ್ದರೆ ಅಲರ್ಜಿ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಆದರೆ ನೀವಾಗಿಯೇ ಯಾವ ಔಷಧವನ್ನೂ ನಿಲ್ಲಿಸಬೇಡಿ. ಕಣ್ಣಿನ ತಜ್ಞರು ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ನೋಟ ಮಂಜಾಗಿರುತ್ತದೆ, ಬೆಳಕು ಚುಚ್ಚುತ್ತದೆ. ಅಂದು ವಾಹನ ಓಡಿಸಬೇಡಿ, ಜೊತೆಗೊಬ್ಬರಿರಲಿ.

ನನ್ನ ತಾಯಿ ಒಮ್ಮೆ ಒಳಗಿದ್ದಷ್ಟು ಹೊತ್ತೂ ಮಂಡಿನೋವನ್ನೇ ಹೇಳಿ, ಬಾಗಿಲ ಚಿಲಕಕ್ಕೆ ಕೈಯಿಟ್ಟಾಗ ‘ಬೆರಳು ಜೋಮು ಹಿಡಿಯುತ್ತದೆ’ ಎಂದರು. ವೈದ್ಯರು ಮತ್ತೆ ಕೂರಿಸಿ ಪರೀಕ್ಷಿಸಿದರು. ಅಂದಿನಿಂದ ಒಂದು ಚೀಟಿ ಬರೆದುಕೊಂಡೇ ಹೋಗುತ್ತೇವೆ: ತೊಂದರೆ ಯಾವಾಗ ಶುರುವಾಯಿತು, ಯಾವಾಗ ಹೆಚ್ಚುತ್ತದೆ, ಮತ್ತು ಎಲ್ಲಕ್ಕಿಂತ ಮೇಲೆ, ನಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ. ವೈದ್ಯರು ಹೇಳಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚ ಬೇಡ. ಪರೀಕ್ಷೆಯ ಫಲಿತಾಂಶ ಎಂದು ಬರುತ್ತದೆ, ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಅದೇ ಚೀಟಿಯ ಹಿಂದೆ ಬರೆದುಕೊಳ್ಳಿ.