ಲೋಹದೊಳಗಿನ ಬಿರುಕು ಹಿಡಿಯಲು ಯಾವ ಟೆಸ್ಟ್ ಮಾಡಿಸಬೇಕು?

ಸಂಡೂರು, ತೋರಣಗಲ್ಲು, ಗಿಣಿಗೇರಾ ಕಡೆ ಕ್ರಷರ್, ಕನ್ವೇಯರ್, ಕಿಲ್ನ್ ನೋಡಿಕೊಳ್ಳುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಶಾಫ್ಟ್ ಹೊರಗಿನಿಂದ ಚೆನ್ನಾಗಿದೆ, ಒಳಗೆ ಹೇಗಿದೆಯೋ ಗೊತ್ತಿಲ್ಲ. ಟೆಸ್ಟ್ ಮಾಡುವವರ ಹತ್ತಿರ ಯಾವ ಮಷಿನ್ ಇದೆಯೋ ಅದನ್ನೇ ಒಪ್ಪಿಕೊಳ್ಳಬೇಡಿ. ಬಿರುಕು ಎಲ್ಲಿ ಹುಟ್ಟಿರಬಹುದು, ಯಾವ ದಿಕ್ಕಿಗೆ ಓಡಿರಬಹುದು ಅಂತ ಮೊದಲು ಯೋಚಿಸಿ.

ದಿಕ್ಕೇ ಇಲ್ಲಿ ಎಲ್ಲ. ಅಲ್ಟ್ರಾಸಾನಿಕ್‌ನಲ್ಲಿ, ಅಂದರೆ ಯೂಟಿಯಲ್ಲಿ, ಶಬ್ದದ ಅಲೆಗೆ ಬಿರುಕು ಅಡ್ಡ ಬಂದರೆ ಪ್ರತಿಧ್ವನಿ ಚೆನ್ನಾಗಿ ಬರುತ್ತದೆ. ರೇಡಿಯೋಗ್ರಫಿ, ಅಂದರೆ ಎಕ್ಸ್‌ರೇ ಅಥವಾ ಗಾಮಾ ಕಿರಣ ಹಾಯಿಸಿ ಫಿಲ್ಮ್ ತೆಗೆಯುವುದು, ಇದಕ್ಕೆ ಉಲ್ಟಾ: ಕಿರಣ ಹೋಗುವ ದಿಕ್ಕಿಗೇ ಬಿರುಕು ಇದ್ದರೆ ಫಿಲ್ಮಿನಲ್ಲಿ ಕಪ್ಪು ಗೆರೆ ಬೀಳುತ್ತದೆ, ಓರೆಯಾಗಿದ್ದರೆ ತಪ್ಪಿಸಿಕೊಳ್ಳಬಹುದು.

ಕನ್ವೇಯರ್ ಪುಲ್ಲಿ ಶಾಫ್ಟನ್ನೇ ತೆಗೆದುಕೊಳ್ಳಿ. ಬಿರುಕು ಸಾಮಾನ್ಯವಾಗಿ ಸ್ಟೆಪ್ ಇರುವಲ್ಲಿ, ಅಂದರೆ ದಪ್ಪ ಬದಲಾಗುವಲ್ಲಿ, ಅಥವಾ ಕೀವೇ (ಕೀ ಕೂರಿಸುವ ಗಾಡಿ) ಹತ್ತಿರ ಹುಟ್ಟಿ ಅಡ್ಡಡ್ಡ ಬೆಳೆಯುತ್ತದೆ, ಮೇಲಿಂದ ಬೇರಿಂಗ್ ಮುಚ್ಚಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಯೂಟಿಯೇ ಸರಿ. ಕವರ್ ತೆಗೆದು, ಶಾಫ್ಟಿನ ತುದಿ ಸ್ವಚ್ಛ ಮಾಡಿ, ಗ್ರೀಸ್ ಹಚ್ಚಿ ಪ್ರೋಬ್ (ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಸಾಧನ) ಇಟ್ಟರೆ ಅಲೆ ಉದ್ದಕ್ಕೂ ಹೋಗುತ್ತದೆ, ಬೇರಿಂಗ್ ಬಿಚ್ಚುವ ಕೆಲಸ ಇಲ್ಲ. ಆದರೆ ಡ್ರಾಯಿಂಗ್ ಕೈಯಲ್ಲಿರಲೇಬೇಕು, ಯಾಕೆಂದರೆ ಪ್ರತಿ ಸ್ಟೆಪ್ಪೂ ತನ್ನದೇ ಪ್ರತಿಧ್ವನಿ ಕೊಡುತ್ತದೆ, ಯಾವುದು ಎಷ್ಟು ದೂರದಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಒಳ್ಳೆ ಶಾಫ್ಟನ್ನೂ ತೆಗೆದು ಹಾಕಿಸುತ್ತಾರೆ.

ಪ್ರೋಬ್ ಎಷ್ಟು ಫ್ರೀಕ್ವೆನ್ಸಿಯದು ಅಂತಲೂ ಕೇಳಿ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಹಾಗಾಗಿ 5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 1.2 ಮಿಲಿಮೀಟರ್, 2 ಮೆಗಾಹರ್ಟ್ಸ್‌ನಲ್ಲಿ 3 ಮಿಲಿಮೀಟರ್. ಅದರ ಅರ್ಧಕ್ಕಿಂತ ಸಣ್ಣ ಬಿರುಕು ಸಿಗುವುದು ಕಷ್ಟ. ಹಾಗಂತ ಎಲ್ಲದಕ್ಕೂ 5 ಹಾಕಿದರೆ ಆಗಲ್ಲ: ಒರಟು ಕಣದ ಎರಕದಲ್ಲಿ ಅಲೆ ಚದುರಿ ಪರದೆ ತುಂಬ ಗದ್ದಲವೇ ಕಾಣುತ್ತದೆ, ಅಲ್ಲಿ 1 ಅಥವಾ 2 ಬೇಕು.

ಕ್ರಷರ್ ಜಾ ಪ್ಲೇಟಿನ, ಅಂದರೆ ಕಲ್ಲು ಜಜ್ಜುವ ದವಡೆಯ ಪ್ಲೇಟಿನ, ವಿಷಯಕ್ಕೆ ಹುಷಾರು. ಅದು ಬಹಳ ಕಡೆ ಮ್ಯಾಂಗನೀಸ್ ಸ್ಟೀಲ್. ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ, ಆದ್ದರಿಂದ ಲೋಹಕ್ಕೆ ಮ್ಯಾಗ್ನೆಟ್ ಗುಣ ಕೊಟ್ಟು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ದಂಡ. ಕಣವೂ ಒರಟು, ಯೂಟಿಯೂ ಸುಲಭವಲ್ಲ. ಮೇಲಿನ ಬಿರುಕಿಗೆ ಡೈ ಪೆನಿಟ್ರೆಂಟ್, ಅಂದರೆ ಬಿರುಕಿನೊಳಗೆ ಇಳಿಯುವ ಬಣ್ಣ, ಸಾಕು, ಒಳಗಿನದು ಬೇಕೇ ಬೇಕು ಅಂದರೆ ರೇಡಿಯೋಗ್ರಫಿ. ಸುಮ್ನೆ ಬಣ್ಣ ಹಚ್ಚಿ ಒರೆಸಿ "ಒಳಗೆ ಏನೂ ಇಲ್ಲ" ಅಂದರೆ ಮಾತ್ರ ನಂಬಬೇಡಿ, ಮೇಲೆ ಬಾಯಿ ತೆರೆದ ಬಿರುಕನ್ನಷ್ಟೇ ಆ ಬಣ್ಣ ತೋರಿಸುತ್ತದೆ.

ವೆಲ್ಡಿಂಗಿಗೆ ಫಿಲ್ಮ್ ಒಳ್ಳೆಯದೇ, ಗಾಳಿಗುಳ್ಳೆ, ಸ್ಲ್ಯಾಗ್ ಚೆನ್ನಾಗಿ ಕಾಣುತ್ತವೆ. ಗಾಮಾ ಕಿರಣ ಕೊಡುವ ಇರಿಡಿಯಂ-192 ಮೂಲ ಸುಮಾರು 20ರಿಂದ 70 ಮಿಲಿಮೀಟರ್ ದಪ್ಪದ ಉಕ್ಕಿಗೆ ಹೊಂದುತ್ತದೆ, ಅದಕ್ಕಿಂತ ಜಾಸ್ತಿ ದಪ್ಪಕ್ಕೆ ಕೋಬಾಲ್ಟ್-60. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದವರನ್ನು ಗೇಟಿನ ಒಳಗೇ ಬಿಡಬೇಡಿ, ಜಾಗಕ್ಕೆ ಹಗ್ಗ ಕಟ್ಟಿಸಿ, ಆ ಹೊತ್ತಿಗೆ ಹೆಲ್ಪರ್‌ಗಳು ಯಾರೂ ಹತ್ತಿರ ಸುಳಿಯದಂತೆ ನೀವೇ ನಿಂತು ನೋಡಿ. ಬದಿಗೆ ಸರಿಯಾಗಿ ಕೂಡದ ವೆಲ್ಡ್, ಓರೆ ಬಿರುಕು ಅಂತ ಅನುಮಾನವಿದ್ದರೆ 45, 60, 70 ಡಿಗ್ರಿ ಪ್ರೋಬಿನ ಯೂಟಿ ಮಾಡಿಸಿ.

ರಿಪೋರ್ಟಿನಲ್ಲಿ ಪ್ರೋಬಿನ ಕೋನ, ಫ್ರೀಕ್ವೆನ್ಸಿ, ಯಾವ ಮಾದರಿ ಬ್ಲಾಕಿನ ಮೇಲೆ ಮಷಿನ್ ಹೊಂದಿಸಿದರು, ಎಷ್ಟು ಡೆಸಿಬಲ್ ಎಲ್ಲ ಬರೆಸಿಕೊಳ್ಳಿ. ಮುಂದಿನ ಶಟ್‌ಡೌನಿನಲ್ಲಿ ಅದೇ ಜಾಗಕ್ಕೆ ಅದೇ ಪ್ರೋಬ್ ಇಟ್ಟರೆ ಬಿರುಕು ಬೆಳೆದಿದೆಯೋ ನಿಂತಿದೆಯೋ ಗೊತ್ತಾಗುತ್ತದೆ.