ಕೈ ನಡುಗಲ್ಲ, ಹೆಜ್ಜೆ ಏಳಲ್ಲ: ನನ್ನ ಅನುಭವ

"ಇವ್ರಿಗೆ ಕೈ ನಡುಕ ಏನಿಲ್ಲ ಸಾರ್, ಹೆಜ್ಜೆ ಎತ್ತಿಡೋಕೇ ಆಗಲ್ಲ." ಮನೆಯವರು ಹೀಗೆ ಹೇಳಿದ ಕೂಡಲೇ ಬಿಪಿ, ಶುಗರ್ ಎಷ್ಟು ವರ್ಷದಿಂದ ಇದೆ ಅಂತ ಕೇಳುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ನಡಿಗೆ ಕೆಟ್ಟು ನನ್ನ ಹತ್ತಿರ ಬರುವ ಹಿರಿಯರಲ್ಲಿ ಕೆಲವರಿಗೆ ಇರುವುದು ವ್ಯಾಸ್ಕ್ಯುಲರ್ ಪಾರ್ಕಿನ್ಸೋನಿಸಂ. ಕೈ ನಡುಗಿ, ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇದೆಯಲ್ಲ, ಅದರ ಥರದ್ದೇ, ಆದರೆ ಮಿದುಳಿಗೆ ರಕ್ತ ಸಾಲದೆ ಬರುವ ತೊಂದರೆ ಇದು. ಬ್ರಿಟಿಷ್ ವೈದ್ಯ ಮೆಕ್‌ಡೊನಾಲ್ಡ್ ಕ್ರಿಚ್ಲಿ 1929ರಲ್ಲೇ ಇದರ ಬಗ್ಗೆ ಬರೆದಿದ್ದರು.

ಮಿದುಳಿನ ತೂಕ ಮೈತೂಕದ ಶೇ. 2ರಷ್ಟು ಮಾತ್ರ. ಆದರೆ ಸುಮ್ನೆ ಕೂತಿದ್ದಾಗಲೂ ದೇಹಕ್ಕೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲಿಯಷ್ಟು ರಕ್ತ ಬೇಕು. ಅದು 20ರ ಆಸುಪಾಸಿಗೆ ಇಳಿದರೆ ನರಕೋಶ ಬದುಕಿದ್ದರೂ ಕೆಲಸ ನಿಲ್ಲಿಸುತ್ತದೆ. 10ಕ್ಕಿಂತ ಕೆಳಗೆ ಹೋದರೆ ಬೇಗ ಸಾಯುತ್ತದೆ. ರಕ್ತದ ಹರಿವು ಪೂರ್ತಿ ನಿಂತಾಗ, ನಡಿಗೆಯ ಹಿಡಿತಕ್ಕೆ ಮಿದುಳು ಬಳಸುವ ಡೋಪಮೈನ್ ಎಂಬ ರಾಸಾಯನಿಕ ಕೋಶಗಳಿಂದ ಒಮ್ಮೆಲೇ ಹೊರಗೆ ಸುರಿಯುತ್ತದೆ. ಅಷ್ಟು ಡೋಪಮೈನ್ ಒಡೆಯುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಅಕ್ಕಪಕ್ಕದ ಕೋಶಗಳಿಗೂ ಪೆಟ್ಟು ಕೊಡುತ್ತದೆ.

ಡೋಪಮೈನ್ ತಯಾರಾಗುವುದು ಮಿದುಳಿನ ಬುಡದ ಹತ್ತಿರ. ಅದನ್ನು ಬಳಸಿಕೊಂಡು ನಡಿಗೆ ಹಿಡಿತದಲ್ಲಿಡುವ ಭಾಗ ಒಳಗೆ, ಆಳದಲ್ಲಿದೆ. ಅಲ್ಲಿಗೆ ರಕ್ತ ತರುವ ನಾಳಗಳು ತೀರಾ ಸಣ್ಣವು, ಒಂದು ಕಟ್ಟಿದರೆ ಇನ್ನೊಂದು ದಾರಿ ಇಲ್ಲ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಅವುಗಳ ಗೋಡೆ ದಪ್ಪವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಮಾಡುವ ಕೋಶಗಳೇ ಸಾಯುತ್ತವೆ. ವ್ಯಾಸ್ಕ್ಯುಲರ್ ಪಾರ್ಕಿನ್ಸೋನಿಸಂ ಇರುವವರಲ್ಲಿ ಬಹಳ ಸಲ ಟ್ಯಾಂಕಲ್ಲಿ ನೀರಿದೆ, ಪೈಪು ಒಡೆದಿದೆ: ಡೋಪಮೈನ್ ಇದೆ, ಅದನ್ನು ಬಳಸುವ ಭಾಗ ಕೆಟ್ಟಿದೆ. ಅದಕ್ಕೇ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಹಲವರಿಗೆ ಅಷ್ಟಾಗಿ ಹಿಡಿಯುವುದಿಲ್ಲ. ಕೆಲವರಿಗೆ ಹಿಡಿಯುತ್ತದೆ, ಹಾಗಾಗಿ ನರರೋಗ ತಜ್ಞರು ಕೊಟ್ಟು ನೋಡುತ್ತಾರೆ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇರುವುದು ನಿಜ. ಹಾಗಂತ ಡಾಕ್ಟರಿಗೆ ಹೇಳದೆ ಮಾತ್ರೆ ಜೊತೆ ಅದರ ಪುಡಿ ಸೇರಿಸಬೇಡಿ.

ವ್ಯಾಯಾಮಕ್ಕೆ ಮೊದಲು ನಾನು ಮಲಗಿಸಿ ಬಿಪಿ ನೋಡುತ್ತೇನೆ. ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಅವತ್ತು ನಡೆಸುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಲೆವೊಡೋಪಾದಿಂದಲೂ ಬಿಪಿ ಇಳಿಯಬಹುದು.

ಒಬ್ಬ ಯಜಮಾನರು ಬಚ್ಚಲಮನೆ ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದರು. ಮಗ ಕೈ ಹಿಡಿದು ಎಳೆದಷ್ಟೂ ಮೈ ಮುಂದೆ ಬಾಗುತ್ತಿತ್ತು, ಪಾದ ಮಾತ್ರ ಅಲ್ಲೇ. ಅವರ ರೆಡ್ ಆಕ್ಸೈಡ್ ನೆಲದ ಮೇಲೆ, ಹೊಸ್ತಿಲವರೆಗೆ, ಹೆಜ್ಜೆಗೊಂದರಂತೆ ಹಳದಿ ಟೇಪು ಅಡ್ಡಡ್ಡ ಅಂಟಿಸಿದೆ. "ಎಳೀಬೇಡಪ್ಪಾ" ಅಂತ ಮಗನಿಗೆ ಹೇಳಿ, ಯಜಮಾನರಿಗೆ "ನಿಂತ್ಕೊಳ್ಳಿ. ಭಾರ ಎಡಗಾಲಿಗೆ ಬಿಡಿ. ಈಗ ಬಲಗಾಲು, ಪಟ್ಟಿ ದಾಟ್ಲಿ" ಅಂದೆ. ಪಾದ ಎದ್ದಿತು! ತಾನಾಗಿ ನಡೆಯುವ ದಾರಿ ಕೆಟ್ಟಿದ್ದರೂ, ಕಣ್ಣಿಗೆ ಕಂಡದ್ದನ್ನು ನೋಡಿ ಹೆಜ್ಜೆ ಹಾಕಲು ಮಿದುಳು ಬೇರೆ ದಾರಿ ಬಳಸಬಲ್ಲದು. ಎಲ್ಲರಿಗೂ ಇಷ್ಟು ಚೆನ್ನಾಗಿ ಆಗುವುದಿಲ್ಲ. ಕೆಲವರಿಗೆ ಪಟ್ಟಿಗಿಂತ "ಒಂದು, ಎರಡು" ಎಣಿಕೆಯೇ ಮೇಲು. ತಿರುಗುವಾಗ ನಿಂತಲ್ಲೇ ತಿರುಗದೆ ಅಗಲವಾಗಿ ಸುತ್ತಿ ಬರಬೇಕು, ಬೀಳುವುದು ಜಾಸ್ತಿ ಅಲ್ಲೇ ಅಲ್ವಾ.

ನಡಿಗೆ ಇದ್ದಕ್ಕಿದ್ದಂತೆ ಕೆಟ್ಟರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ನನಗೆ ಫೋನ್ ಮಾಡಬೇಡಿ. ಅದು ಲಕ್ವ ಇರಬಹುದು, ಸೀದಾ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು.